ನನ್ನ ದೃಷ್ಟಿ ನಾನೇ ತೆಗೆದುಕೊಂಡ ಭಾನುವಾರ

ಆ ಭಾನುವಾರ ಸಂಜೆ ನಾನೂ ನಮ್ಮ ಸರೋಜಕ್ಕನೂ ಜಗಳವಾಡಿದ್ದು ಹಾಗಲಕಾಯಿಯ ಬಗ್ಗೆ. ನಾನು ಗಾಡಿಯವನ ಹತ್ತಿರ ಆರಿಸಿ ತಂದದ್ದು ಬಲಿತುಹೋಗಿದೆ ಎಂದು ಅವಳು, ಬಲಿತದ್ದರಲ್ಲೇ ಗೊಜ್ಜು ರುಚಿ ಎಂದು ನಾನು. ನನಗೆ ಗೊಜ್ಜು ಮಾಡಲು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ಜಗಳಕ್ಕೆ ಹೆಚ್ಚು ಬಲವಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಸೀರೆಗೆ ಫಾಲ್ಸ್ ಹೊಲಿಯುವುದು, ಕುಚ್ಚು ಕಟ್ಟುವುದು ಅವಳ ಕಸುಬು. ದೀಪ ಹಚ್ಚುವ ಹೊತ್ತಿಗೆ ಸೂಜಿ ಹಿಡಿಯಬಾರದು ಎಂಬುದು ಅವಳ ಕಾನೂನು. ದೇವರ ಮುಂದೆ ದೀಪ ಹಚ್ಚಿ, ಮಾರನೆಯ ದಿನ ಹೊಲಿಯಬೇಕಾಗಿದ್ದ ಕೆಂಪು ಫಾಲ್ಸನ್ನು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ನೆನೆಹಾಕಿ, "ಬಾರೆ ಇಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೂತ್ಕೋ" ಎಂದಳು. ನಾನು ಕುಳಿತೆ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ದೃಷ್ಟಿ ತೆಗೆದಳು. ಹಾಗಲಕಾಯಿಯ ಸಿಟ್ಟಿಗೆ ಆವತ್ತು ಕೈ ಸ್ವಲ್ಪ ಜೋರಾಗಿಯೇ ಸುತ್ತಿತು. ಸೋಮವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ಕುಸಿದಳು. ಆ ವಾರ ಮುಗಿಯುವುದರೊಳಗೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಹಾಗಲಕಾಯಿ ಫ್ರಿಜ್ಜಿನಲ್ಲೇ ಹಣ್ಣಾಯಿತು.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ದೃಷ್ಟಿಯನ್ನು ನಂಬುವವಳಲ್ಲ. ಪಿಯುಸಿವರೆಗೆ ಓದಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕುಳಿತು ತಲೆ ನರೆಸಿಕೊಂಡವಳು. ಹಗಲೆಲ್ಲ ದುಡಿದು ಊರಿನವರಿಗೆ ದೃಷ್ಟಿ ಕೊಡುವ ಅಂಗಡಿ ನಮ್ಮದು. ಭಾನುವಾರ ಸಂಜೆ ಮನೆಯಲ್ಲಿ ದೃಷ್ಟಿ ತೆಗೆಯುವ ಅಕ್ಕ. ಈ ಕೊಡುವ ತೆಗೆಯುವ ವ್ಯವಹಾರದ ನಡುವೆ ನನ್ನ ಜೀವನ ಬಹಳ ಸಲೀಸಾಗಿ ನಡೆದಿತ್ತು. ಅಕ್ಕ ಗಂಡನನ್ನು ಕಳೆದುಕೊಂಡು ಯಡಿಯೂರಿನ ನನ್ನ ಬಾಡಿಗೆ ಮನೆಗೆ ಬಂದ ಮೊದಲ ಭಾನುವಾರವೇ ಇದು ಶುರುವಾದದ್ದು. ದುಃಖದಲ್ಲಿದ್ದವಳು ಅವಳು, ದೃಷ್ಟಿ ತೆಗೆಸಿಕೊಂಡವಳು ನಾನು. ಬೇಡ ಎನ್ನಲು ಆಗಲಿಲ್ಲ. ಆಮೇಲೆ ಬೇಡ ಎನ್ನುವ ಅಭ್ಯಾಸವೇ ತಪ್ಪಿಹೋಯಿತು.

ನೋಡಿ, ನನ್ನ ಮೇಲೆ ಕಣ್ಣು ಹಾಕಲು ಯಾರಿಗೇನು ಬಂದಿತ್ತು? ಮದುವೆಯಾಗಲಿಲ್ಲ, ಆಸ್ತಿ ಇಲ್ಲ, ರೂಪ ಇದ್ದಿದ್ದರೆ ಅದು ನನಗೂ ಗೊತ್ತಾಗದಂತೆ ಬಂದು ಹೋಗಿದೆ. ಒಮ್ಮೆ ಕೇಳಿಯೂ ಬಿಟ್ಟೆ. "ಅಲ್ಲ ಕಣಕ್ಕ, ನನ್ನ ನೋಡಿ ಹೊಟ್ಟೆಕಿಚ್ಚು ಪಡೋರು ಯಾರಿದಾರೆ ಈ ಬೆಂಗಳೂರಲ್ಲಿ?" ಅಕ್ಕ ಕುಚ್ಚಿನ ದಾರವನ್ನು ಹಲ್ಲಿನಲ್ಲಿ ಕಡಿದು, "ಸಿನಿಮಾದೋರ ಮೇಲೆ ಬೀಳಲ್ಲ ಕಣೆ ದೃಷ್ಟಿ, ಅವ್ರಿಗೆ ಅಭ್ಯಾಸ ಆಗಿರುತ್ತೆ. ಹೊತ್ತಿಗೆ ಸರಿಯಾಗಿ ಉಂಡು, ದಿಂಬಿಗೆ ತಲೆ ಕೊಟ್ಟ ತಕ್ಷಣ ಗೊರಕೆ ಹೊಡೀತಾರಲ್ಲ, ನಿನ್ನಂಥೋರು, ಅವ್ರನ್ನ ಕಂಡ್ರೇ ಊರಿಗೆಲ್ಲ ಉರಿ" ಎಂದಳು. ನಾನು ಗೊರಕೆ ಹೊಡೆಯುತ್ತೇನೆಂದು ನನಗೆ ತಿಳಿದದ್ದು ಹೀಗೆ.

ದೃಷ್ಟಿ ತೆಗೆಯುವಾಗ ಅಕ್ಕ ಹೇಳುತ್ತಿದ್ದ ಮಾತುಗಳು ಯಾವ ಪುರೋಹಿತರಿಗೂ ಬರುತ್ತಿರಲಿಲ್ಲ. ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಎಲ್ಲರಂತೆಯೇ ಆರಂಭಿಸುತ್ತಿದ್ದಳು. ಆಮೇಲೆ ನನ್ನ ವಾರದ ವರದಿ ಬರುತ್ತಿತ್ತು. "ಅಂಗಡಿ ಓನರ್ ಕಣ್ಣು, ಬಸ್ಸಲ್ಲಿ ಕಿಟಕಿ ಸೀಟು ಬಿಟ್ಟುಕೊಡದೆ ಇದ್ದೋಳ ಕಣ್ಣು, ಹೊಸಕೆರೆಹಳ್ಳಿ ಚಿಕ್ಕಮ್ಮನ ಕಣ್ಣು, ಗುರುವಾರ ಫ್ರೇಮ್ ವಾಪಸ್ ತಂದು ಕೂಗಾಡಿದ್ನಲ್ಲ, ಆ ಮೂಗು ದಪ್ಪದೋನ ಕಣ್ಣು..." ನಾನು ಊಟದ ಹೊತ್ತಿನಲ್ಲಿ ಆಡಿದ ಮಾತುಗಳನ್ನೆಲ್ಲ ಅವಳು ಹೂಂ ಎನ್ನದೆ, ಹೊಲಿಯುತ್ತಲೇ ಕೇಳಿಸಿಕೊಂಡು, ಭಾನುವಾರಕ್ಕೆ ಎತ್ತಿಟ್ಟುಕೊಳ್ಳುತ್ತಿದ್ದಳು. ಕೊನೆಗೆ ಒಂದು ಕ್ಷಣ ಕೈ ನಿಲ್ಲಿಸಿ, "ಎಲ್ಲಕ್ಕಿಂತ ಕೆಟ್ಟದ್ದು, ನನ್ನ ಕಣ್ಣು" ಎಂದು ಮುಗಿಸುತ್ತಿದ್ದಳು. ನಾನು ಮುಷ್ಟಿಯೊಳಗೆ ಮೂರು ಸಲ ಥೂ ಎನ್ನಬೇಕು. ಅದೆಲ್ಲ ಹಳೆಯ ಕಬ್ಬಿಣದ ಹೆಂಚಿಗೆ ಬಿದ್ದು, ಉಪ್ಪು ಚಟಪಟ ಸಿಡಿದು, ಮೆಣಸಿನಕಾಯಿ ಕಪ್ಪಾಗುತ್ತಿತ್ತು. ಘಾಟು ಎದ್ದರೆ ದೃಷ್ಟಿ ಇಲ್ಲ ಎಂದರ್ಥ, ಘಾಟು ಬಾರದಿದ್ದರೆ ಭಾರೀ ದೃಷ್ಟಿ. ನಮ್ಮ ಮನೆಯಲ್ಲಿ ಒಂದು ಭಾನುವಾರವೂ ಘಾಟು ಎದ್ದದ್ದಿಲ್ಲ. "ನೋಡಿದ್ಯಾ? ಒಂಚೂರೂ ಘಾಟಿಲ್ಲ. ಅಷ್ಟು ಜನ ಕಣ್ಣು ಹಾಕಿದಾರೆ" ಎಂದು ಅಕ್ಕ ನನ್ನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಸೋಮವಾರ ಬೆಳಿಗ್ಗೆ ನಾನು ಊರೆಲ್ಲ ಹೊಟ್ಟೆಕಿಚ್ಚು ಪಡುವ ಹೆಂಗಸಾಗಿ ಬಸ್ಸು ಹತ್ತುತ್ತಿದ್ದೆ.

ಅಕ್ಕ ಹೋದ ಮೇಲೆ ವಾರದ ಉಳಿದ ದಿನಗಳನ್ನು ಹೇಗೋ ತಳ್ಳುತ್ತಿದ್ದೆ. ಅಂಗಡಿ ಇತ್ತು, ಗಿರಾಕಿಗಳಿದ್ದರು, ಲೆನ್ಸ್ ಬಂದಿಲ್ಲ ಎಂದು ಹೇಳುವುದಿತ್ತು. ಭಾನುವಾರ ಸಂಜೆ ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ಬೆಳಕು ಕಡಿಮೆಯಾಗುತ್ತಿದ್ದಂತೆ ಎದ್ದು ನಿಲ್ಲುತ್ತಿದ್ದೆ. ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂರುತ್ತಿದ್ದೆ. ಆ ರಾತ್ರಿ ನಿದ್ದೆ ಬಾರದು. ಗೊರಕೆಗೆ ಹೆಸರಾದವಳು ನಾನು. ಸೋಮವಾರ ಅಂಗಡಿಯಲ್ಲಿ ಕೈ ಒಂದು ಕಡೆ, ತಲೆ ಒಂದು ಕಡೆ. ಹಾಗೆಯೇ ಒಂದು ಸೋಮವಾರ ಒಬ್ಬ ನಿವೃತ್ತ ಮೇಷ್ಟರ ಕನ್ನಡಕವನ್ನು ಕಾಲೇಜು ಹುಡುಗಿಗೂ, ಅವಳದನ್ನು ಮೇಷ್ಟರಿಗೂ ಕೊಟ್ಟುಬಿಟ್ಟೆ. ಹುಡುಗಿ ಮೆಟ್ಟಿಲ ಹತ್ತಿರ ಕಾಲೆತ್ತಿ ನಿಂತು, "ಮೇಡಂ, ನೆಲ ಮೇಲೆ ಬರ್ತಾ ಇದೆ" ಎಂದು ಕೂಗಿದಳು. ಮೇಷ್ಟರು ಮಾತ್ರ ಕನ್ನಡಿ ನೋಡಿಕೊಂಡು, "ಫಸ್ಟ್ ಕ್ಲಾಸಾಗಿದೆಯಮ್ಮಾ, ಸುಕ್ಕು ಒಂದೂ ಕಾಣ್ತಾ ಇಲ್ಲ" ಎಂದರು. ಅವರಿಂದ ವಾಪಸ್ ಪಡೆಯುವುದೇ ಕಷ್ಟವಾಯಿತು.

ನಮ್ಮಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಹರ್ಷಿತಾ. ಬಿಟಿಎಂ ಲೇಔಟಿನಿಂದ ಸ್ಕೂಟಿಯಲ್ಲಿ ಬರುತ್ತಾಳೆ, ನನ್ನನ್ನು ಆಂಟಿ ಎನ್ನುತ್ತಾಳೆ. ಆವತ್ತು ಊಟದ ಡಬ್ಬಿ ಬಿಚ್ಚುತ್ತಾ ನನ್ನ ಮುಖ ನೋಡಿದಳು.

"ಆಂಟಿ, ನಿನ್ನೆ ನಿದ್ದೆ ಮಾಡಿಲ್ಲ ಅಲ್ವಾ?"

"ಮಾಡಿದೆ. ಬಸ್ಸಲ್ಲಿ."

"ನಿಮಗೊಂದು ಸಂಡೇ ರುಟೀನ್ ಬೇಕು. ಸೆಲ್ಫ್ ಕೇರ್ ಅಂತಾರೆ."

"ಹಾಗಂದ್ರೆ?"

"ನಿಮ್ಮನ್ನ ನೀವೇ ನೋಡ್ಕೊಳ್ಳೋದು."

ನಾನು ಸುತ್ತ ನೋಡಿದೆ. ಕನ್ನಡಕದ ಅಂಗಡಿಯಲ್ಲಿ ಗೋಡೆಗೊಂದು ಕನ್ನಡಿ, ಮೇಜಿಗೊಂದು ಕನ್ನಡಿ, ಕಂಬಕ್ಕೂ ಕನ್ನಡಿ. "ಬೆಳಗ್ಗೆಯಿಂದ ಅದೇ ಮಾಡ್ತಾ ಇದೀನಲ್ಲಮ್ಮ, ಸಾಕಾಗಿಹೋಗಿದೆ" ಎಂದೆ. ಅವಳು ನಕ್ಕು, ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ತಲೆಗೆ ಟವೆಲ್ ಸುತ್ತಿಕೊಂಡ ಹುಡುಗಿಯೊಬ್ಬಳು ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಕೊಂಡು, ತುಟಿ ಸ್ವಲ್ಪ ತೆರೆದು ಮಲಗಿದ್ದಳು. ನೋಡಿದರೆ ಭಯವಾಗುವಂತಿತ್ತು. "ಸಖತ್ ರಿಲ್ಯಾಕ್ಸ್ ಆಗುತ್ತೆ ಆಂಟಿ. ಮಂಡೇ ಫ್ರೆಶ್ಶಾಗಿ ಬರ್ತೀರ ನೋಡಿ" ಎಂದು, ಮರುದಿನ ತಾನೇ ಒಂದು ಪರಿಮಳದ ಮೇಣದಬತ್ತಿ ತಂದುಕೊಟ್ಟಳು. ಒಳ್ಳೆಯ ಹುಡುಗಿ. ಕನ್ನಡಕ ಅದಲುಬದಲಾದದ್ದು ಓನರಿಗೆ ಗೊತ್ತಾಗದಂತೆ ನೋಡಿಕೊಂಡವಳೂ ಅವಳೇ. ಮತ್ತೊಮ್ಮೆ ಹಾಗಾದರೆ ಅವಳ ಕೈಯಲ್ಲೂ ಆಗುವುದಿಲ್ಲ ಎಂಬುದು ನನಗೂ ಅರ್ಥವಾಗಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕೌಂಟರ್ ಹುಡುಕುವ ಶಕ್ತಿ ನನಗಿರಲಿಲ್ಲ. ಭಾನುವಾರವನ್ನು ಏನಾದರೂ ಮಾಡಿ ಸರಿಪಡಿಸಲೇಬೇಕಿತ್ತು.

ಮೊದಲ ಭಾನುವಾರ ಮೇಣದಬತ್ತಿ ಹಚ್ಚಿ, ಸೌತೆಕಾಯಿ ಹೆಚ್ಚಿ, ಚಾಪೆಯ ಮೇಲೆ ಅಂಗಾತ ಮಲಗಿದೆ. ಮೇಣದಬತ್ತಿಯ ಡಬ್ಬದ ಮೇಲೆ ಬೆಟ್ಟದ ಹೂವಿನ ಚಿತ್ರವಿತ್ತು. ವಾಸನೆ ಮಾತ್ರ ಆಸ್ಪತ್ರೆಯಲ್ಲಿ ಅಕ್ಕನ ವಾರ್ಡಿನ ಹೊರಗೆ ನೆಲ ಒರೆಸುತ್ತಿದ್ದ ನೀರಿನದು. ಆರಿಸಿಬಿಟ್ಟೆ. ಕತ್ತಲಲ್ಲಿ ಕಣ್ಣಿನ ಮೇಲೆ ತಣ್ಣಗೆ ಎರಡು ಬಿಲ್ಲೆ. ಮನಸ್ಸನ್ನು ಖಾಲಿ ಮಾಡಬೇಕು ಎಂದು ಹರ್ಷಿತಾ ಹೇಳಿದ್ದಳು. ಖಾಲಿ ಮಾಡಲು ಹೊರಟಾಗಲೇ ಅದರಲ್ಲಿ ಎಷ್ಟು ಸಾಮಾನಿದೆ ಎಂದು ತಿಳಿಯುವುದು. ಸ್ವಲ್ಪ ಹೊತ್ತಿಗೆ ಎದ್ದು, ಬಿಲ್ಲೆಗಳಿಗೆ ಉಪ್ಪು ಖಾರದಪುಡಿ ಹಚ್ಚಿ ತಿಂದೆ. ಆ ಸಂಜೆಯ ನನ್ನ ಆರೈಕೆ ಅಷ್ಟೇ.

ಮುಂದಿನ ವಾರ ಹರ್ಷಿತಾಳ ಸಲಹೆ ಕಣ್ಣಿನಿಂದ ಕಾಲಿಗೆ ಇಳಿಯಿತು. ಬಿಸಿನೀರಿಗೆ ಎಪ್ಸಮ್ ಸಾಲ್ಟ್ ಹಾಕಿ ಪಾದ ಮುಳುಗಿಸಿ ಕೂರಬೇಕು, ಆಯಾಸ ಪಾದದಿಂದ ಇಳಿದು ಹೋಗುತ್ತದೆ. ನಮ್ಮ ಬೀದಿಯ ದಿನಸಿ ಅಂಗಡಿಯವನಿಗೆ ಆ ಹೆಸರು ಹೇಳಿದೆ. ಅವನು ಎರಡು ಸಲ ಹೇಳಿಸಿದ. "ಅದೆಲ್ಲ ಇಲ್ಲಕ್ಕ. ಉಪ್ಪು ಅಂದ್ರೆ ಉಪ್ಪೇ, ಕಲ್ಲುಪ್ಪು ತಗೊಳ್ಳಿ. ಬೇಗ ತಗೊಂಡ್ಬಿಡಿ, ದೀಪ ಹಚ್ಚಿದ್ಮೇಲೆ ನಮ್ಮಮ್ಮ ಉಪ್ಪು ಕೊಡೋಕೆ ಬಿಡಲ್ಲ" ಎಂದ. ಹಿಂದೆ ಕುಳಿತಿದ್ದ ಅವರಮ್ಮ ಕಿಟಕಿಯ ಬೆಳಕು ನೋಡಿ, ಇನ್ನೂ ಹೊತ್ತಿದೆ ಎಂಬಂತೆ ತಲೆಯಾಡಿಸಿದರು.

ಮನೆಗೆ ಬಂದು ಬಚ್ಚಲ ಅಟ್ಟದ ಮೇಲಿಂದ ಬೇಸಿನ್ ಇಳಿಸಿದೆ. ಅಕ್ಕನ ಕಾರ್ಯಕ್ಕೆ ಬಂದ ನೆಂಟರಲ್ಲಿ ಯಾರೋ ಅದನ್ನು ಅಲ್ಲಿ ಎತ್ತಿಟ್ಟಿದ್ದರು. ಬಿಸಿನೀರು ಸುರಿದು, ಉಪ್ಪು ಹಾಕಿ, ಕಾಲಿಟ್ಟು ಕುಳಿತೆ. ಕನ್ನಡಕ ಹಾಕಿರಲಿಲ್ಲ. ಕನ್ನಡಕದ ಅಂಗಡಿಯವರು ಮನೆಯಲ್ಲಿ ಕನ್ನಡಕ ಹಾಕುವುದಿಲ್ಲ. ಹಾಯೆನಿಸಿತು, ನಿಜ. ಆದರೆ ನೀರು ನಿಧಾನವಾಗಿ ಕೆಂಪಾಗತೊಡಗಿತು. ಕಾಲಿಗೆ ಏನಾಗಿದೆಯೋ ಎಂದು ಕನ್ನಡಕ ತಡಕಿ ಹಾಕಿಕೊಂಡು ಬಗ್ಗಿ ನೋಡಿದರೆ, ತಳಕ್ಕೆ ಅಂಟಿಕೊಂಡು ಒಣಗಿದ್ದ ಒಂದು ಬಟ್ಟೆಯ ಮಡಿಕೆ ನೀರಿಗೆ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ನೆನೆಹಾಕಿದ್ದ ಫಾಲ್ಸು. ಸೀರೆಯ ಒಡತಿ ಬಂದು ಸೀರೆ ಒಯ್ದಿದ್ದಳು, ಫಾಲ್ಸಿನ ಮಾತೆತ್ತಿರಲಿಲ್ಲ. ಯಾರೋ ನೀರು ಚೆಲ್ಲಿದ್ದರು, ಬಟ್ಟೆಯನ್ನು ಯಾರೂ ನೋಡಿರಲಿಲ್ಲ. ಹೊಲಿಯುವ ಮೊದಲು ಬಣ್ಣ ಬಿಡಲಿ, ಕುಗ್ಗುವುದು ಕುಗ್ಗಲಿ ಎಂದು ಅಕ್ಕ ಯಾವಾಗಲೂ ನೆನೆಹಾಕುತ್ತಿದ್ದಳು. ಅದು ಇನ್ನೂ ಬಣ್ಣ ಬಿಡುತ್ತಿತ್ತು. ನಾನು ನೀರು ಆರುವವರೆಗೂ ಕಾಲು ತೆಗೆಯಲಿಲ್ಲ.

ಸೋಮವಾರ ನನ್ನ ಪಾದ ನೋಡಿ ಹರ್ಷಿತಾ, "ಅಯ್ಯೋ ಆಂಟಿ, ಆಲ್ತಾ ಹಚ್ಚಿದೀರಾ! ಸೂಪರ್!" ಎಂದಳು. ಹೂಂ ಎಂದೆ. ಅಂಗಡಿಗೆ ಬಂದ ಹೆಂಗಸರಿಬ್ಬರು ಮನೆಯಲ್ಲಿ ಯಾರ ಮದುವೆ ಎಂದು ಕೇಳಿದರು.

ಆಮೇಲಿನ ಭಾನುವಾರ ಕಲ್ಲುಪ್ಪಿನ ಪೊಟ್ಟಣ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೆಯೇ ಇತ್ತು. ಡಬ್ಬಿಗೆ ತುಂಬಲೆಂದು ಒಂದು ಹಿಡಿ ತೆಗೆದೆ. ಹೊರಗೆ ಹೊತ್ತು ಮುಳುಗುತ್ತಿತ್ತು. ಹರ್ಷಿತಾ ಹೇಳಿದ್ದು ನೆನಪಾಯಿತು, ನಿಮ್ಮನ್ನ ನೀವೇ ನೋಡ್ಕೊಳ್ಳಿ. ಸರಿಯಮ್ಮ, ನಮ್ಮ ಮನೆಯ ರುಟೀನನ್ನೇ ಮಾಡಿ ನೋಡೋಣ ಎನಿಸಿತು. ಡಬ್ಬದಿಂದ ಒಂದಷ್ಟು ಮೆಣಸಿನಕಾಯಿ ತೆಗೆದು ಮುಷ್ಟಿಗೆ ಸೇರಿಸಿದೆ. ಪೂರ್ವಕ್ಕೆ ಮುಖ ಮಾಡಿ ಕುಳಿತೆ. ತೊಡಕು ಆಗ ಶುರುವಾಯಿತು.

ಯಾವ ಕಡೆಯಿಂದ ಸುತ್ತಬೇಕು? ಅಕ್ಕ ಎದುರಿಗೆ ನಿಲ್ಲುತ್ತಿದ್ದಳು. ಅವಳ ಬಲ ನನ್ನ ಎಡ. ಈಗ ನಾನೇ ಕುಳಿತವಳು, ನಾನೇ ನಿಂತವಳು. ಅಳತೆ ಸಿಗಲಿ ಎಂದು ಕನ್ನಡಿಯ ಮುಂದೆ ಹೋದರೆ, ಅದರೊಳಗಿನವಳು ಎಡಗೈಯಲ್ಲಿ ಸುತ್ತುತ್ತಿದ್ದಳು. ಎಡಗೈಯಲ್ಲಿ ಸುತ್ತಿದರೆ ತೆಗೆದ ದೃಷ್ಟಿ ಮತ್ತೆ ಒಳಗೆ ಹೋಗುತ್ತದೋ ಏನೋ. ನನ್ನ ಭುಜ ಮೊದಲೇ ಹಿಡಿದುಕೊಂಡಿದೆ, ಮೇಲಿನ ಶೆಲ್ಫಿನ ಫ್ರೇಮ್ ತೆಗೆಯಲೂ ಹರ್ಷಿತಾಳನ್ನು ಕರೆಯುತ್ತೇನೆ. ತಲೆಯ ಹಿಂದೆ ಹೋದ ಮುಷ್ಟಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಉಪ್ಪು ರವಿಕೆಯೊಳಗೆ ಉದುರಿತು. ಹೇಗೋ ಸುತ್ತು ಮುಗಿಸಿ ಮಾತು ಶುರುಮಾಡಿದೆ. ಹಾದಿ ಕಣ್ಣು, ಬೀದಿ ಕಣ್ಣು. ಮುಂದೆ? ವಾರವಿಡೀ ಯಾರ ಹತ್ತಿರವೂ ಅಂಗಡಿಯ ಸುದ್ದಿ ಹೇಳಿರಲಿಲ್ಲ. ಯಾರ ಮೇಲೂ ದೂರಿರಲಿಲ್ಲ. ಹೆಸರು ಒಂದೂ ನೆನಪಾಗಲಿಲ್ಲ. "ಎಲ್ಲಕ್ಕಿಂತ ಕೆಟ್ಟದ್ದು, ನನ್ನ ಕಣ್ಣು" ಎಂದೆ. ಕನ್ನಡಿಯೊಳಗಿನವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಹೊಟ್ಟೆಕಿಚ್ಚು ಏನೂ ಕಾಣಲಿಲ್ಲ.

ಮೂರು ಸಲ ಥೂ ಎಂದು ಹೆಂಚಿಗೆ ಸುರಿದೆ.

ಘಾಟೆಂದರೆ ಏನೆಂದು ಆವತ್ತು ತಿಳಿಯಿತು. ಮೊದಲು ಮೂಗು, ಆಮೇಲೆ ಗಂಟಲು, ಆಮೇಲೆ ಹೊಟ್ಟೆಯ ಬುಡದಿಂದ ಕೆಮ್ಮು. ಕಿಟಕಿ ಹಾಕಿತ್ತು. ಕಣ್ಣು ಬಿಡಲಾಗದೆ ಗ್ಯಾಸ್ ಆರಿಸುವ ಬದಲು ಇನ್ನಷ್ಟು ತಿರುಗಿಸಿದೆನೆಂದು ಕಾಣುತ್ತದೆ. ಮೇಲಿನ ಮನೆಯ ಶಕುಂತಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದು ಬಂದು ಬಾಗಿಲು ಬಡಿದರು.

"ಏನ್ರೀ ಗಿರಿಜಾ ಇದು? ಒಗ್ಗರಣೆನಾ, ಮನೆಗೇ ಬೆಂಕಿನಾ? ನಮ್ಮನೆಯೋರು ಬಾಲ್ಕನಿಗೆ ಓಡಿಹೋಗಿದಾರೆ!"

ನಾನು ಕೆಮ್ಮುತ್ತಾ ಹೆಂಚಿನ ಕಡೆ ಕೈ ತೋರಿಸಿದೆ. ಅವರು ಒಳಗೆ ನುಗ್ಗಿ ಒಲೆ ಆರಿಸಿ, ಕಿಟಕಿ ತೆಗೆದು, ಹೆಂಚಿನಲ್ಲಿದ್ದುದನ್ನು ನೋಡಿದರು.

"ದೃಷ್ಟಿನಾ? ಯಾರಿಗ್ರೀ?"

"ನನಗೇ."

"ನಿಮಗೆ ನೀವೇನಾ? ಅದೆಲ್ಲಾದ್ರೂ ಉಂಟೇನ್ರೀ! ನಮ್ಮ ಬೆನ್ನು ನಮಗೆ ಕಾಣುತ್ತಾ?" ಎಂದು ಬೈಯುತ್ತಲೇ ಮೆಣಸಿನಕಾಯಿಯ ಡಬ್ಬದೊಳಗೆ ಕೈ ಹಾಕಿ ಒಂದನ್ನು ಮೂಸಿದರು. "ಗುಂಟೂರು ಹಾಕಿದೀರಲ್ಲ! ನಿಮ್ಮಕ್ಕ ಒಂದಿನಾನೂ ಇದನ್ನ ಹಾಕ್ತಿರಲಿಲ್ಲ. ನನ್ನ ಹತ್ರ ಬಂದು ಬ್ಯಾಡಗಿ ಇಸ್ಕೊಂಡು ಹೋಗೋರು. ಅದರ ಬೀಜಾನೂ ಮೆಟ್ಟಿಲ ಹತ್ರಾನೇ ಕೊಡವಿ ಹಾಕಿ ಹೋಗೋರು."

"ಯಾಕೆ?"

"ನಾನೂ ಕೇಳ್ದೆ. ಅವಳಿಗೆ ಖಾರದ ಹೊಗೆ ತಡಿಯಲ್ಲ ಕಣ್ರೀ ಶಕುಂತಲಾ, ಕೆಮ್ಮು ಬರುತ್ತೆ ಅಂದ್ರು. ಆಮೇಲೆ, ಘಾಟು ಬಂದ್ರೆ ದೃಷ್ಟಿ ಇಲ್ಲ ಅಂತಾಗುತ್ತಲ್ಲ, ಒಳಗೊಳಗೇ ಬೇಜಾರು ಮಾಡ್ಕೋತಾಳೆ ಅಂದ್ರು. ಇಬ್ರೂ ನಕ್ಕಿದ್ದೇ ನಕ್ಕಿದ್ದು."

ನಾನೂ ನಕ್ಕೆ. ಕಣ್ಣಿನಲ್ಲಿ ನೀರು ಬರುತ್ತಿತ್ತು. ಅದಕ್ಕೆ ಗುಂಟೂರು ಕಾರಣವೆಂದು ಶಕುಂತಲಮ್ಮ ತಿಳಿದುಕೊಂಡರು, ನಾನೂ ತಿದ್ದಲಿಲ್ಲ. ಇಷ್ಟು ವರ್ಷ ನಾನು ನಂಬದೇ ಇದ್ದದ್ದು ನಿಜ. ಆದರೆ ಘಾಟಿಲ್ಲ ಎಂದು ಅಕ್ಕ ಹೇಳಿದ ಮೇಲೆ ಪ್ರತಿ ಸೋಮವಾರ ಒಂದು ಒಳ್ಳೆಯ ಸೀರೆ ಉಡುತ್ತಿದ್ದುದೂ ನಿಜ. ಅವಳಿಗೆ ಅದು ಗೊತ್ತಿತ್ತು.

ಶಕುಂತಲಮ್ಮ ಮೇಲೆ ಹೋಗಿ ಬ್ಯಾಡಗಿ ತಂದರು. "ಕೂತ್ಕೊಳ್ಳಿ, ನಾನೇ ತೆಗೀತೀನಿ. ಇದರಲ್ಲೇನು ಸಂಕೋಚ" ಎಂದರು. ಕೂತೆ. ಒಪ್ಪವಾಗಿ ಸುತ್ತಿದರು. ಬಿಡುವಿಲ್ಲದ ಹೆಂಗಸು, ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದಿದ್ದರು. "ಯಾರ್ಯಾರ ಕಣ್ಣು ಅಂತ ಹೇಳ್ಲಿ?" ಎಂದು ಕೇಳಿದರು.

"ಯಾರದಾದ್ರೂ ಹೇಳಿ" ಎಂದೆ.

"ಎಲ್ಲರ ಕಣ್ಣೂ ಹೋಗ್ಲಿ" ಎಂದು ಒಟ್ಟಿಗೇ ಮುಗಿಸಿದರು. ಘಾಟು ಬರಲಿಲ್ಲ. "ನೋಡಿ, ಇತ್ತು ದೃಷ್ಟಿ" ಎಂದರು, ಮರ್ಯಾದೆಗೆ. ಮೆಣಸಿನಕಾಯಿ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಈಗ ನನಗೊಂದು ಭಾನುವಾರದ ರುಟೀನ್ ಇದೆ. ಹೊತ್ತು ಮುಳುಗುವ ಮೊದಲು ದೀಪ ಹಚ್ಚುತ್ತೇನೆ. ಬೇಸಿನ್ನಿನಲ್ಲಿ ಬಿಸಿನೀರು, ಕಲ್ಲುಪ್ಪು. ಫಾಲ್ಸನ್ನು ಹಿಂಡಿ ಒಣಹಾಕಿ, ನನ್ನ ಒಂದು ಹಳೆಯ ಸೀರೆಗೆ ನಾನೇ ಹೊಲಿದಿದ್ದೇನೆ. ಬಣ್ಣ ಹೊಂದುವುದಿಲ್ಲ, ಹೊಲಿಗೆ ಹಾವಿನಂತೆ ಹೋಗಿದೆ, ನಡೆದರೆ ಅಂಚು ಒಂದು ಕಡೆಗೆ ಎಳೆಯುತ್ತದೆ. ಕಾಲು ನೆನೆಸಿದ ಮೇಲೆ ಮೊಸರನ್ನ ತಿಂದು ಬೇಗ ಮಲಗುತ್ತೇನೆ. ಕೆಲವು ಭಾನುವಾರ ನಿದ್ದೆಯೂ ಬರುತ್ತದೆ. ಕನ್ನಡಕಗಳು ಸರಿಯಾದ ಮೂಗುಗಳನ್ನು ಸೇರುತ್ತಿವೆ. "ರುಟೀನ್ ವರ್ಕ್ ಆಗ್ತಿದೆ ಅಲ್ವಾ ಆಂಟಿ?" ಎಂದು ಹರ್ಷಿತಾ ಕೇಳಿದರೆ ಆಗ್ತಿದೆ ಎನ್ನುತ್ತೇನೆ. ಮುಂದಿನ ವಾರ ಮುಖಕ್ಕೆ ಹಚ್ಚಲು ಏನೋ ತರುತ್ತಾಳಂತೆ. ತರಲಿ.

ಬ್ಯಾಡಗಿ ಮೆಣಸಿನಕಾಯಿಯನ್ನು ಈಗ ನಾನೇ ಕೊಂಡು ಇಟ್ಟುಕೊಂಡಿದ್ದೇನೆ. ಉಪ್ಪೂ ಇದೆ, ಹೆಂಚೂ ಇದೆ. ನನ್ನನ್ನು ಕಂಡು ಊರೆಲ್ಲ ಹೊಟ್ಟೆಕಿಚ್ಚು ಪಡುತ್ತದೆ ಎಂದು ನಂಬುವವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ.